ಎದೆಯ ಮೇಲೊಂದು ಗೋಡೆ

ಗುರುವನ್ನು ಹುಡುಕಿಕೊಂಡು ಹೋಗುವವರು ಸಾಮಾನ್ಯವಾಗಿ ಜ್ಞಾನ ಕೇಳುತ್ತಾರೆ. ಸ್ವಲ್ಪ ಆಸೆಬುರುಕರಾದರೆ ಮೋಕ್ಷ ಕೇಳುತ್ತಾರೆ. ಹೊನ್ನೇಶ ಕೇಳಿದ್ದು ಎದೆಯ ತುಂಬ ಖಂಡ.

ಹೊಳೆಯ ದಡದಲ್ಲಿ ಒಂದು ಗರಡಿಮನೆ. ತಗ್ಗು ಬಾಗಿಲು, ಒಳಗೆ ಕುಸ್ತಿಯ ಅಖಾಡ, ಅದರ ತುಂಬ ಕೆಮ್ಮಣ್ಣು. ಅಲ್ಲಿಯ ಉಸ್ತಾದರ ಹೆಸರು ಜವರಯ್ಯ. ಹೆತ್ತ ಮಕ್ಕಳನ್ನೆಲ್ಲ ಕಳೆದುಕೊಂಡಿದ್ದ ಅವರ ತಾಯಿ, ಜವರಾಯನ ಹೆಸರನ್ನೇ ಇಟ್ಟುಬಿಟ್ಟರೆ ಆ ಜವರಾಯ ನಾಚಿಕೊಂಡು ದೂರ ಇದ್ದಾನು ಎಂದು ಹಾಗೆ ಕರೆದಿದ್ದಳಂತೆ. ಆಕೆಯ ಲೆಕ್ಕ ತಪ್ಪಲಿಲ್ಲ. ಉಸ್ತಾದರು ಮೊಮ್ಮಕ್ಕಳ ಮದುವೆಯನ್ನೂ ಮುಗಿಸಿ ಕೂತಿದ್ದರು.

ಹೊನ್ನೇಶ ತಲೆ ಬಗ್ಗಿಸಿ ಒಳಗೆ ಬಂದ. ಕೈಮುಗಿದ.

“ಏನಪ್ಪ?”

“ಎದೆ ದಪ್ಪ ಆಗ್ಬೇಕು ಉಸ್ತಾದ್ರೇ.”

“ಕುಸ್ತಿ ಆಡ್ತೀಯಾ?”

“ಇಲ್ಲ.”

“ಪೊಲೀಸಿಗೆ ಸೇರ್ಬೇಕಾ? ಅಲ್ಲಿ ಟೇಪ್ ಹಿಡ್ದು ಎದೆ ಅಳೀತಾರಂತೆ.”

“ಇಲ್ಲ ಉಸ್ತಾದ್ರೇ. ನಂದು ಗಾರೆ ಕೆಲಸ.”

“ಹಂಗಾರೆ ಹೆಣ್ಣು ನೋಡೋಕೆ ಹೋಗ್ಬೇಕೇನೋ.”

“ಮದ್ವೆ ಆಗಿ, ಮಗಳೂ ಅವ್ಳೆ.”

“ಮತ್ತೆ ಯಾರಿಗ್ ತೋರ್ಸೋಕಪ್ಪ ಈ ಎದೆ?”

“ಯಾರಿಗೂ ತೋರ್ಸೋಕಲ್ಲ,” ಎಂದ ಹೊನ್ನೇಶ.

ಉಸ್ತಾದರು ತಲೆದೂಗಿದರು. ಇಷ್ಟು ವಿನಯದ ಆಳನ್ನು ಅವರು ಬಹಳ ದಿನದಿಂದ ನೋಡಿರಲಿಲ್ಲ.

ಪಾಪ, ಅವರಿಗೇನು ಗೊತ್ತು. ಎದೆಯನ್ನು ತೋರಿಸುವ ಮಾತೆತ್ತಿದರೆ ಹೊನ್ನೇಶನಿಗೆ ಜೀವ ಬಾಯಿಗೆ ಬರುತ್ತಿತ್ತು.

ಅವನ ಅಪ್ಪ ನಾಲೆಯಲ್ಲಿ ಎತ್ತು ತೊಳೆಯುತ್ತಿದ್ದವನು ಎದೆ ಹಿಡಿದುಕೊಂಡು ಕೂತಿದ್ದ. ಮತ್ತೆ ಏಳಲಿಲ್ಲ. ಹೋದ ವರ್ಷ ಅಣ್ಣ, ಊಟದ ತಟ್ಟೆಯ ಮುಂದೆ, ತುತ್ತು ಕೈಯಲ್ಲಿರುವಾಗಲೇ ಹೋಗಿಬಿಟ್ಟ. ಮೀಸೆಯಲ್ಲಿ ಒಂದು ಬಿಳಿ ಕೂದಲು ಬಾರದ ವಯಸ್ಸು.

ಅಂದು ಆಸ್ಪತ್ರೆಯ ಡಾಕ್ಟರಮ್ಮ ಹೊನ್ನೇಶನನ್ನು ಪಕ್ಕಕ್ಕೆ ಕರೆದಿದ್ದರು.

“ಇದು ನಿಮ್ಮ ಮನೆತನದಲ್ಲೇ ಬಂದಿರಬಹುದು ಅನ್ನಿಸುತ್ತೆ. ನೀವೂ ಬಂದು ಒಂದು ಸಲ ಎದೆ ತೋರಿಸಿಕೊಳ್ಳಿ. ಮೊದಲೇ ಗೊತ್ತಾದರೆ ಏನಾದರೂ ಮಾಡಬಹುದು.”

ಅವನು ಹೂಂ ಅಂದಿದ್ದ. ಆಸ್ಪತ್ರೆ ಹೊಳೆಯ ಆಚೆ ದಡದಲ್ಲಿತ್ತು. ಅಂದಿನಿಂದ ಅವನು ಆಚೆ ದಡದ ಕೆಲಸವನ್ನೇ ಒಪ್ಪಿಕೊಳ್ಳಲಿಲ್ಲ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಹೊನ್ನೇಶ ದಿನಕ್ಕೊಂದು ದೊಣ್ಣೆ ತಪ್ಪಿಸಿಕೊಳ್ಳುತ್ತಿದ್ದ.

ಆದರೆ ಭಯವನ್ನು ಆಚೆ ದಡದಲ್ಲಿ ಬಿಟ್ಟು ಬರಲು ಆಗುತ್ತದೆಯೇ? ಅದು ಅವನ ಜೊತೆಯಲ್ಲೇ ಇತ್ತು. ಎಡಗಡೆ ಮಗ್ಗುಲಾಗಿ ಮಲಗಿದರೆ ದಿಂಬಿನೊಳಗೆ ಡಬ್ ಡಬ್ ಎಂಬ ಸದ್ದು. ಬಲಗಡೆ ತಿರುಗಿದರೆ ಸದ್ದು ನಿಂತುಹೋಯಿತೇನೋ ಎಂಬ ಗಾಬರಿ.

ಗಾರೆ ಕೆಲಸದವನಿಗೆ ಹೊಳೆಯುವುದು ಗಾರೆ ಕೆಲಸದ ಉಪಾಯವೇ. ಒಳಗೆ ಏನೋ ಬಲವಿಲ್ಲದ್ದು ಇದೆ. ಅದರ ಮುಂದೆ ದಪ್ಪನೆಯ ಗೋಡೆ ಎಬ್ಬಿಸಿದರೆ ಆಯಿತು. ಮೊಬೈಲಿನಲ್ಲಿ ಯಾರೋ ಒಬ್ಬ ಪುಷ್‌ಅಪ್ ಹೊಡೆದು ಹೊಡೆದು ಎದೆಯನ್ನು ಹಲಗೆ ಮಾಡಿಕೊಂಡಿದ್ದನ್ನು ನೋಡಿದ್ದ. ಆ ಹಲಗೆಯ ಹಿಂದೆ ಅವಿತುಕೊಳ್ಳಬೇಕೆಂದು ಅವನಿಗೆ ಆಸೆಯಾಯಿತು.

ಇದು ಯಾವುದನ್ನೂ ಅವನು ಉಸ್ತಾದರಿಗೆ ಹೇಳಲಿಲ್ಲ.

“ಎಲ್ಲಿ, ಹೊಡಿ ನೋಡಣ,” ಎಂದರು ಉಸ್ತಾದರು.

ಹೊನ್ನೇಶ ನೆಲಕ್ಕೆ ಕೈಯೂರಿ ದಡದಡನೆ ಏಳುವುದು ಇಳಿಯುವುದು ಮಾಡಿದ.

ಉಸ್ತಾದರಿಗೆ ನಗು ತಡೆಯಲಾಗಲಿಲ್ಲ. “ಇದೇನ್ ದಂಡವೋ! ಗೋಡೆ ಮೇಲೆ ಹಲ್ಲಿ ಕುಣಿದಂಗದೆ.”

“ಇದು ಪುಷ್‌ಅಪ್ಪು ಉಸ್ತಾದ್ರೇ.”

“ಏನೋ ಒಂದು. ನೆಲ ಅದೇ ತಾನೇ?”

ಅವರು ಪಕ್ಕದಲ್ಲಿ ಕೂತು ತಿದ್ದಿದರು.

“ಕೈ ಭುಜಕ್ಕಿಂತ ಒಂಚೂರು ಅಗಲ ಇಡು. ಆಗ ಭಾರ ಎದೆಗೆ ಬೀಳ್ತದೆ. ಹತ್ರ ಇಟ್ರೆ ತೋಳಿಗೆ ಹೋಯ್ತದೆ. ಸೊಂಟ ಜೋತು ಬಿಡಬೇಡ. ನಿಧಾನಕ್ಕೆ ಇಳಿ. ಇಳೀತಾ ಉಸಿರು ತಗೋ, ಏಳ್ತಾ ಬಿಡು.”

“ಬೇಗ ಬೇಗ ಹೊಡೆದ್ರೆ ಬೇಗ ಬೆಳೆಯಲ್ವಾ?”

“ಏಳೋದ್ರಲ್ಲಿ ಖಂಡ ಅರ್ಧ ಬೆಳೀತದೆ. ಇಳಿಯೋದ್ರಲ್ಲಿ ಮಿಕ್ಕಿದ್ದು.”

“ದಿನಾ ಎಷ್ಟು ಹೊಡೀಲಿ?”

“ದಿನಾ ಬೇಡ. ಒಂದ್ ದಿನ ಬಿಟ್ಟು ಒಂದ್ ದಿನ. ರಾಗಿಮುದ್ದೆ, ಹುರುಳಿಕಾಳು, ಮೊಟ್ಟೆ, ಹಾಲು. ಆಮೇಲೆ ಚೆನ್ನಾಗಿ ನಿದ್ದೆ. ಖಂಡ ಬೆಳೆಯೋದು ಮಲಗ್ದಾಗ ಕಣಪ್ಪ.”

ಈ ಮಾತು ಹೊನ್ನೇಶನಿಗೆ ಹಿಡಿಸಲಿಲ್ಲ. ಮಲಗುವುದಕ್ಕೇ ತಾನೇ ಅವನಿಗೆ ಹೆದರಿಕೆ.

ಅವನು ಗರಡಿಯಲ್ಲಿ ದಿನ ಬಿಟ್ಟು ದಿನ ದಂಡ ಹೊಡೆದ. ಬಿಟ್ಟ ದಿನ ಕದ್ದು ಹೊಡೆದ. ಕಟ್ಟುತ್ತಿದ್ದ ಮನೆಯ ಮಹಡಿಯಲ್ಲಿ, ಬೇರೆಯವರು ಊಟಕ್ಕೆ ಕೂತಾಗ, ಬೆನ್ನ ಮೇಲೆ ಸಿಮೆಂಟು ಮೂಟೆ ಹೇರಿಸಿಕೊಂಡು ಹೊಡೆದ. ಜೊತೆಯವರು ಅನ್ನ ಕಲೆಸುತ್ತಲೇ ಭಲೇ ಅಂದರು.

ಎದೆ ಬೆಳೆಯಿತು. ಅದರಲ್ಲಿ ಸುಳ್ಳಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಅಂಗಿಯ ಗುಂಡಿ ಹಾಕಲು ಬಾರದಂತಾಯಿತು. ಹೆಂಡತಿ ಸಾಕಮ್ಮ ಗುಂಡಿ ಹೊಲಿಯುತ್ತ, “ಯಾವಳಿಗೋಸ್ಕರ ಈ ಠೀವಿ?” ಎಂದು ಚುಡಾಯಿಸಿದಳು. ಅವನು ನಗಲಿಲ್ಲ.

ಅವನಿಗೆ ಒಂದು ಅಭ್ಯಾಸ ಹತ್ತಿಬಿಟ್ಟಿತ್ತು. ದಂಡ ಮುಗಿಸಿದೊಡನೆ ಅಂಗೈಯನ್ನು ಎಡ ಎದೆಯ ಮೇಲೆ ಒತ್ತಿ ನೋಡುವುದು. ಒಳಗಿನ ಬಡಿತ ಕೈಗೆ ಸಿಗಬಾರದು. ಸಿಗದಷ್ಟು ಗೋಡೆ ದಪ್ಪವಾದ ದಿನ ನೆಮ್ಮದಿಯಾಗಿ ಮಲಗಬಹುದು ಎಂದು ಅವನ ಲೆಕ್ಕ.

ಆದರೆ ದಂಡ ಹೊಡೆದ ಮೇಲೆ ಯಾರ ಎದೆ ತಾನೇ ಸುಮ್ಮನಿರುತ್ತದೆ? ಹೊಡೆದಷ್ಟೂ ಅದು ಜೋರಾಗಿ ಬಡಿಯುತ್ತಿತ್ತು. ಜೋರಾಗಿ ಬಡಿದಷ್ಟೂ ಅವನು ಇನ್ನಷ್ಟು ಹೊಡೆಯುತ್ತಿದ್ದ.

ಒಂದು ದಿನ ಕೇಳಿದ. “ಉಸ್ತಾದ್ರೇ, ದಂಡ ಅಂದ್ರೆ ಭೂಮಿತಾಯಿಗೆ ಮಾಡೋ ನಮಸ್ಕಾರ ಅಂತಾರಲ್ಲ, ನಿಜವಾ?”

“ನಮಸ್ಕಾರ ಮಾಡೋನು ಏಳೋಕೆ ನಿನ್ನಷ್ಟು ಅವಸರ ಮಾಡಲ್ಲ.”

“ಇನ್ನೂ ಎಷ್ಟು ದಪ್ಪ ಆಯ್ತದೆ ಇದು?”

“ನಿಂಗೆ ಎಷ್ಟು ಬೇಕು?”

ಹೊನ್ನೇಶ ನೆಲ ನೋಡಿದ. “ಒಳಗಿಂದು ಹೊರಕ್ಕೆ ತಿಳೀಬಾರ್ದು. ಅಷ್ಟು.”

ಉಸ್ತಾದರು ಅವನ ಮುಖ ನೋಡಿದರು. ಆಗ ಅವನ ಕೈ ತಾನಾಗಿ ಎಡ ಎದೆಗೆ ಹೋಯಿತು.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ,” ಎಂದರು ಉಸ್ತಾದರು. “ನೀನು ಎದೆ ಮುಟ್ಕೊಂತೀಯ. ಏನ್ ಕದ್ದಿದ್ದೀಯ ಅಲ್ಲಿ?”

“ಏನೂ ಇಲ್ಲ,” ಎಂದು ಅವನು ಮತ್ತೆ ನೆಲಕ್ಕೆ ಕೈಯೂರಿದ.

ಉಸ್ತಾದರು ಒತ್ತಾಯ ಮಾಡಲಿಲ್ಲ. ಮಾರನೆಯ ದಿನದಿಂದ ಅವನಿಗೆ ಬೇರೆ ಕೆಲಸ ಹಚ್ಚಿದರು.

ಗರಡಿಯಲ್ಲಿ ಒಂದು ಪದ್ಧತಿ. ಬೆಳಿಗ್ಗೆ ಅಖಾಡದ ಮಣ್ಣನ್ನು ಗುದ್ದಲಿಯಿಂದ ಅಗೆದು, ಹೆಂಟೆ ಒಡೆದು, ಹಿಟ್ಟಿನ ಹಾಗೆ ಸಡಿಲ ಮಾಡಬೇಕು. ಆಮೇಲೆಯೇ ಮಿಕ್ಕ ಸಾಮು. ಅಗೆಯದ ಮಣ್ಣಿನಲ್ಲಿ ಯಾವ ಉಸ್ತಾದರೂ ಕುಸ್ತಿ ಬಿಡುವುದಿಲ್ಲ.

“ಇನ್ನು ಮಣ್ಣು ಅಗಿಯೋದು ನಿಂದು,” ಎಂದರು. “ಅಗೆದಾದ್ಮೇಲೆ ಶಕ್ತಿ ಮಿಕ್ಕಿದ್ರೆ ದಂಡ.”

“ಮಣ್ಣು ಅಗೆದ್ರೆ ಎದೆ ಬೆಳೀತದಾ?”

“ಬೆನ್ನು ಬೆಳೀತದೆ.”

“ನಂಗೆ ಬೆನ್ನು ಬೇಡ ಉಸ್ತಾದ್ರೇ.”

“ಎದೆ ಅನ್ನೋದು ಬೆನ್ನಿಗೆ ಅಂಟ್ಕೊಂಡೇ ಇರೋದು ಕಣಯ್ಯ.”

ಹೊನ್ನೇಶ ಗೊಣಗುತ್ತ ಅಗೆದ. ಬೇಗ ಬೇಗ ಅಗೆದು ಮುಗಿಸಿ, ಉಸ್ತಾದರು ಹೊಳೆಗೆ ಇಳಿದಾಗ ಕಾಲನ್ನು ಕಲ್ಲಿನ ಮೇಲೆ ಏರಿಸಿ ದಂಡಕ್ಕೆ ಬಿದ್ದ. ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕಿನ ಹಾಗೆ, ಯಾರೂ ನೋಡುತ್ತಿಲ್ಲ ಎಂದುಕೊಂಡ.

ಒಂದು ಬೆಳಿಗ್ಗೆ ಹಾಗೆ ದಂಡ ಹೊಡೆದು ಎದ್ದು, ಅಖಾಡದ ಅಂಚಿನಲ್ಲಿ ನಿಂತು ಅಂಗೈಯನ್ನು ಎದೆಗೆ ಒತ್ತಿದ. ಬಡಿತ ಸಿಕ್ಕಿತು. ಒಂದು, ಎರಡು. ಆಮೇಲೆ ಎಡವಿದ ಹಾಗೆ ಒಂದು ತಪ್ಪಿತು.

ಹೊನ್ನೇಶನ ಕಣ್ಣಿಗೆ ಕತ್ತಲೆ ಬಂತು. ಮುಖ ಅಡಿಯಾಗಿ ಮಣ್ಣಿಗೆ ಬಿದ್ದ.

ಕಣ್ಣು ಬಿಟ್ಟಾಗ ಬಾಯಿ ತುಂಬ ಕೆಮ್ಮಣ್ಣು. ಉಸ್ತಾದರು ಪಕ್ಕದಲ್ಲಿ ಕೂತು ಅವನ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು.

“ಜಾರ್ಬಿಟ್ಟೆ,” ಎಂದ ಹೊನ್ನೇಶ.

“ಜಾರೋಕೆ ಇಲ್ಲಿ ಯಾರೂ ಎಣ್ಣೆ ಚೆಲ್ಲಿಲ್ಲ.”

“ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ.”

ಉಸ್ತಾದರು ಎಳನೀರು ಕುಡಿಸಿ ಮನೆಗೆ ಕಳಿಸಿದರು. ದಾರಿಯುದ್ದಕ್ಕೂ ಹೊನ್ನೇಶ ಮನೆಗಳ ಗೋಡೆ ಹಿಡಿದುಕೊಂಡೇ ನಡೆದ. ತಪ್ಪಿದ ಆ ಒಂದು ಬಡಿತ ಎಲ್ಲಿ ಹೋಯಿತು? ಅಣ್ಣನಿಗೂ ಹೀಗೇ ಆಗಿತ್ತೇ? ಯಾರನ್ನು ಕೇಳುವುದು? ಅಣ್ಣನೇ ಇಲ್ಲ.

ಮಾರನೆಯ ದಿನ ಹೋದಾಗ ಉಸ್ತಾದರು ಅಖಾಡದ ಪಕ್ಕದಲ್ಲಿ ನಿಂತಿದ್ದರು. ಕೈಯಲ್ಲಿ ನೆಲ ಬಡಿಯುವ ದಮ್ಮಸು.

“ಇದು ನಿನ್ ಕೈಯ ಸಾಮಾನು ತಾನೇ?”

“ಹೌದು.”

“ಅಖಾಡಕ್ಕೆ ನೀರು ಹಾಕು. ದಮ್ಮಸು ಬಡಿ. ಮನೆ ನೆಲ ಎಷ್ಟು ಗಟ್ಟಿ ಮಾಡ್ತೀಯೋ ಅಷ್ಟು ಗಟ್ಟಿ ಮಾಡು.”

ಹೊನ್ನೇಶನಿಗೆ ಅರ್ಥವಾಗಲಿಲ್ಲ. ಆದರೆ ಇದು ಅವನಿಗೆ ಬರುವ ಕೆಲಸ. ನೀರು ಎರಚಿ, ದಮ್ಮಸು ಎತ್ತಿ ಎತ್ತಿ ಬಡಿದ. ಮೂಲೆ ಬಿಡಲಿಲ್ಲ. ಬಿಸಿಲೇರುವ ಹೊತ್ತಿಗೆ ಅಖಾಡ ಕಣದ ಹಾಗೆ ನುಣ್ಣಗೆ, ಕಲ್ಲಿನಷ್ಟು ಗಟ್ಟಿಯಾಗಿತ್ತು. ಹಿಮ್ಮಡಿಯಿಂದ ಕುಟ್ಟಿ ನೋಡಿದ. ಟಣ್ ಎಂದಿತು.

“ಇದಕ್ಕಿಂತ ಗಟ್ಟಿ ಆಗಲ್ಲ ಉಸ್ತಾದ್ರೇ,” ಎಂದ ಹೆಮ್ಮೆಯಿಂದ.

“ಸಂತೋಷ. ಈಗ ಇದ್ರ ಮೇಲೆ ಬೀಳು.”

“ಏನಂದ್ರಿ?”

“ನೆನ್ನೆ ಬಿದ್ದಂಗೇ. ಮುಖ ಅಡಿಯಾಗಿ.”

“ಬಿದ್ರೆ ಮೂಳೆ ಮುರ್ದುಹೋಯ್ತದೆ!”

“ನೆನ್ನೆ ಮುರೀಲಿಲ್ವಲ್ಲ.”

“ನೆನ್ನೆ ಮಣ್ಣು ಸಡಿಲ ಇತ್ತು.”

“ಓ,” ಎಂದರು ಉಸ್ತಾದರು. “ಹಂಗಾರೆ ಬೀಳೋನನ್ನ ಕಾಯೋದು ಗಟ್ಟಿ ಮಣ್ಣಲ್ಲ ಅನ್ನು.”

ಹೊನ್ನೇಶ ದಮ್ಮಸು ಕೆಳಗಿಟ್ಟ.

“ಈಗ ಹೇಳು. ಆ ಎದೆ ಗಟ್ಟಿ ಮಾಡ್ಕೊಂಡು ಏನನ್ನ ಕಾಯ್ತಾ ಇದ್ದೀಯ?”

ಎಷ್ಟು ದಿನ ಅಂತ ತಡೆದಾನು? ಅವನು ಗಟ್ಟಿ ಮಾಡಿದ ಆ ನೆಲದ ಮೇಲೆಯೇ ಕುಕ್ಕರಿಸಿ ಕೂತು ಹೇಳಿದ. ಅಪ್ಪನದು, ಅಣ್ಣನದು, ಡಾಕ್ಟರಮ್ಮ ಹೇಳಿದ್ದು, ದಿಂಬಿನ ಸದ್ದು, ನೆನ್ನೆ ತಪ್ಪಿದ ಬಡಿತ. ಹೇಳುತ್ತ ಹೇಳುತ್ತ ಮಗುವಿನ ಹಾಗೆ ಬಿಕ್ಕಿದ.

ಉಸ್ತಾದರು ಸಮಾಧಾನ ಮಾಡಲಿಲ್ಲ. ಅವರಿಗೆ ಕೆಂಡದಂಥ ಸಿಟ್ಟು ಬಂತು.

“ನನ್ನ ಮಣ್ಣಲ್ಲಿ ಹೆಣ ಆಗೋಕೆ ಬಂದಿದ್ಯೇನ್ಲಾ? ಬಾಯಿ ಇರ್ಲಿಲ್ವಾ ನಿಂಗೆ? ಬಂದ ದಿನಾನೇ ಹೇಳೋಕೇನಾಗಿತ್ತು?”

“ಹೇಳಿದ್ರೆ ದಂಡ ಬೇಡ ಅಂತಿದ್ರಿ.”

“ಅಂತಿದ್ದೆ! ಈಗ್ಲೂ ಅಂತೀನಿ! ಆಸ್ಪತ್ರೆಗೆ ಹೋಗಿ ತೋರ್ಸೋ ತನಕ ಒಂದು ದಂಡ ಹೊಡೀಬಾರ್ದು. ಈ ಬಾಗ್ಲು ದಾಟ್ಬಾರ್ದು. ನಡಿ!”

ದಮ್ಮಸು ಎತ್ತಿ ಗೋಡೆಗೆ ಒರಗಿಸಲು ಹೋದರು. ಅದು ಕೈಜಾರಿ ನೆಲಕ್ಕೆ ಬಿತ್ತು. ಉಸ್ತಾದರು ಹೆದರಿದ್ದರು. ಇಷ್ಟು ದಿನ ತಮ್ಮ ಕಣ್ಣೆದುರಿಗೇ ಒಬ್ಬ ಹುಡುಗ ಸಾವಿನ ಜೊತೆ ಕುಸ್ತಿ ಆಡುತ್ತಿದ್ದ, ತಾವು ಸೊಂಟ ನೆಟ್ಟಗಿಡು ಎಂದು ತಿದ್ದುತ್ತ ಕೂತಿದ್ದರು.

ಹೊನ್ನೇಶ ಹೊರಟ. ಬಾಗಿಲಲ್ಲಿ ತಿರುಗಿ ಕೇಳಿದ.

“ಹೋಗಿ, ಇದೆ ಅಂದ್ಬುಟ್ರೆ?”

“ಹೋಗ್ದೆ ಇದ್ರೆ ಇಲ್ಲ ಅಂತ ಆಗ್ಬುಡ್ತದಾ?”

ಹೊನ್ನೇಶ ತಲೆ ಬಗ್ಗಿಸಿ ಮನೆಯ ದಾರಿ ಹಿಡಿದ. ಆಸ್ಪತ್ರೆಗೆ ಹೋಗಲಿಲ್ಲ.

ದಂಡ ನಿಂತ ಮೇಲಿನ ದಿನಗಳು ಇನ್ನೂ ಕಷ್ಟವಾದವು. ಬೆಳಿಗ್ಗೆ ಎದ್ದ ತಕ್ಷಣ ಎದೆ ಮುಟ್ಟಿ ನೋಡಿಕೊಳ್ಳುವುದು. ಖಂಡ ಕರಗುತ್ತಿದೆಯೇ? ಗೋಡೆ ತೆಳುವಾಗುತ್ತಿದೆಯೇ? ಕೆಲಸದಲ್ಲಿ ತೂಗುಗುಂಡು ಹಿಡಿದು ನಿಂತವನು ಹಾಗೆಯೇ ನಿಂತುಬಿಡುವನು. ಮೇಸ್ತ್ರಿ ಬೈದರೆ ಬೆಚ್ಚುವನು. ತಟ್ಟೆಯ ಮುಂದೆ ಕೂತರೆ ಅಣ್ಣನ ಕೈಯಲ್ಲಿದ್ದ ತುತ್ತು ಕಣ್ಣಿಗೆ ಕಟ್ಟುವುದು.

ಒಂದು ದಿನ ಮಧ್ಯಾಹ್ನ ಚಾಪೆಯ ಮೇಲೆ ಒರಗಿದ್ದ. ಮಗಳು ಕುಸುಮ ಓಡಿಬಂದು ಅವನ ಎದೆಯ ಮೇಲೆ ಮಲಗಿದಳು. ಅವಳಿಗೆ ಅದು ಅಭ್ಯಾಸ. ಅವನೇ ಕೆಲವು ತಿಂಗಳಿಂದ ತಪ್ಪಿಸಿಕೊಂಡು ತಿರುಗುತ್ತಿದ್ದ.

ಮಗು ಕಿವಿಯಿಟ್ಟು ಸುಮ್ಮನಾಯಿತು. ಆಮೇಲೆ ಮುಖ ಎತ್ತಿತು.

“ಅಪ್ಪ, ಒಳಗೆ ಯಾರೋ ಬಾಗ್ಲು ಬಡೀತಾವ್ರೆ.”

ಹೊನ್ನೇಶನ ಮೈ ತಣ್ಣಗಾಯಿತು.

“ತೆಗಿಯಪ್ಪ. ಪಾಪ, ಎಷ್ಟೊತ್ತಿಂದ ಬಡೀತಾವ್ರೋ!”

ಅವನು ಅವಳನ್ನು ತಳ್ಳಿಬಿಟ್ಟ. ಬೇಕೆಂದು ಅಲ್ಲ, ಗಾಬರಿಗೆ. ಮಗು ನೆಲಕ್ಕೆ ಬಿದ್ದು, ಅಳುವುದನ್ನೂ ಮರೆತು ಅಪ್ಪನನ್ನೇ ನೋಡಿತು. ಅಪ್ಪ ಯಾವತ್ತೂ ಹಾಗೆ ಮಾಡಿರಲಿಲ್ಲ. ಆಮೇಲೆ ಜೋರಾಗಿ ಅತ್ತಿತು.

ಅಡುಗೆಮನೆಯಿಂದ ಸಾಕಮ್ಮ ಬಂದಳು. ಮಗುವನ್ನು ಎತ್ತಿಕೊಂಡು ಗಂಡನನ್ನು ನೋಡಿದಳು.

“ಏನಾಗದೆ ನಿಮಗೆ?” ಎಂದಳು. ಬೈಯುವ ದನಿಯಲ್ಲ, ಬೇಡುವ ದನಿ. “ಅದೇನೇ ಇರ್ಲಿ. ನಂಗೆ ಹೇಳ್ದಿದ್ರೂ ಪರವಾಗಿಲ್ಲ. ಯಾರ್ಗಾದ್ರೂ ಹೇಳಿ.”

ಹೊನ್ನೇಶನಿಗೆ ತನ್ನ ಮೇಲೇ ಅಸಹ್ಯವಾಯಿತು. ಸಾಯುವುದಕ್ಕೆ ಹೆದರಿ ಹೆದರಿ ಅವನು ಬದುಕಿರುವಾಗಲೇ ಮಗಳಿಗೆ ಇಲ್ಲವಾಗುತ್ತಿದ್ದ.

ಮಾರನೆಯ ಬೆಳಿಗ್ಗೆ ಗರಡಿಯ ಬಾಗಿಲಲ್ಲಿ ನಿಂತ. ಒಳಗೆ ಕಾಲಿಡಲಿಲ್ಲ. ಮಾತು ಮಾತೇ.

ಅಖಾಡದ ಮಣ್ಣು ಮತ್ತೆ ಸಡಿಲವಾಗಿತ್ತು. ಉಸ್ತಾದರೇ ಅಗೆದಿರಬೇಕು. ಅವರ ಅಂಗೈಗೆ ಬಟ್ಟೆ ಸುತ್ತಿತ್ತು.

“ತೋರಿಸ್ದೆಯಾ?” ಎಂದು ಕೇಳಿದರು.

“ಇಲ್ಲ.”

“ಮತ್ಯಾಕೆ ಬಂದೆ?”

“ಒಬ್ನೇ ಹೋಗೋಕೆ ಆಯ್ತಾ ಇಲ್ಲ ಉಸ್ತಾದ್ರೇ.”

ಉಸ್ತಾದರು ಗೂಟದ ಮೇಲಿದ್ದ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡರು. ಮೊಣಕಾಲು ಹಿಡಿದು ಎದ್ದರು.

“ನಡಿ. ಆ ದಡದಲ್ಲಿ ಬೆಲ್ಲ ಚೆನ್ನಾಗಿರ್ತದೆ. ಹೆಂಗೂ ತರ್ಬೇಕಿತ್ತು.”

ದೋಣಿಯಲ್ಲಿ ಅವರಿಬ್ಬರೇ ಇದ್ದರು, ಅಂಬಿಗನನ್ನು ಬಿಟ್ಟರೆ. ಹೊಳೆ ತುಂಬಿ ಶಾಂತವಾಗಿ ಹರಿಯುತ್ತಿತ್ತು. ಹೊನ್ನೇಶನ ಒಳಗೆ ಶಾಂತವಾದದ್ದು ಏನೂ ಇರಲಿಲ್ಲ.

“ನಿಮಗೆ ಯಾವತ್ತೂ ಭಯ ಆಗಿಲ್ವಾ?” ಎಂದು ಕೇಳಿದ.

“ಅಖಾಡಕ್ಕೆ ಇಳಿದಾಗ್ಲೆಲ್ಲ ಆಯ್ತಿತ್ತು.”

“ಏನ್ ಮಾಡ್ತಿದ್ರಿ?”

“ಎದುರಾಳಿ ಮುಖ ನೋಡ್ತಿದ್ದೆ.”

“ನೋಡಿದ್ರೆ ಭಯ ಹೋಯ್ತಿತ್ತಾ?”

“ಹೋಯ್ತಿರ್ಲಿಲ್ಲ. ಆದ್ರೆ ಅವನು ಎಷ್ಟುದ್ದ ಅವ್ನೆ ಅಂತ ಗೊತ್ತಾಯ್ತಿತ್ತು. ನೋಡ್ದಿದ್ರೆ ಅವನು ಆಕಾಶದಷ್ಟುದ್ದ.”

ನಡುಹೊಳೆ ಬಂತು. ಆಚೆ ದಡದ ಮರಗಳ ಸಂದಿಯಲ್ಲಿ ಆಸ್ಪತ್ರೆಯ ಬಿಳಿ ಗೋಡೆ ಕಂಡಿತು. ಅಣ್ಣನನ್ನು ಹೊತ್ತು ತಂದದ್ದು ಅದೇ ಗೋಡೆಯ ಹಿಂದಿನಿಂದ. ಹೊನ್ನೇಶ ದೋಣಿಯ ಅಂಚನ್ನು ಹಿಡಿದುಕೊಂಡ.

“ಉಸ್ತಾದ್ರೇ, ದೋಣಿ ತಿರುಗ್ಸಕ್ಕೆ ಹೇಳಿ. ನಾಳೆ ಹೋಗಣ. ನಿಮ್ಮಾಣೆ, ನಾಳೆ ಬರ್ತೀನಿ.”

ಅಂಬಿಗ ಹುಟ್ಟು ನಿಲ್ಲಿಸಿ ಉಸ್ತಾದರ ಮುಖ ನೋಡಿದ.

“ತಿರುಗ್ಸಬೋದು,” ಎಂದರು ಉಸ್ತಾದರು. “ಇಲ್ಲಿಂದ ಎರಡು ದಡಾನೂ ಒಂದೇ ದೂರ. ಯಾವ್ದು ಅಂತ ನೀನೇ ಹೇಳು.”

ದೋಣಿ ತನ್ನಷ್ಟಕ್ಕೆ ತುಸು ತಿರುಗಿತು. ಹೊನ್ನೇಶ ಹಿಂದೆ ನೋಡಿದ, ಮುಂದೆ ನೋಡಿದ. ಅಂಗಿ ಬೆವರಿನಿಂದ ತೊಯ್ದಿತ್ತು. ಕೊನೆಗೆ ಅಂಬಿಗನ ಕಡೆ ತಿರುಗಿ, ಮುಂದಕ್ಕೆ ಎಂದು ಕೈ ತೋರಿಸಿದ.

ಆಸ್ಪತ್ರೆಯಲ್ಲಿ ಜನ ತುಂಬಿದ್ದರು.

ಇಬ್ಬರೂ ಬೆಂಚಿನ ಮೇಲೆ ಕೂತರು. ಉಸ್ತಾದರ ಗಾತ್ರಕ್ಕೆ ಬೆಂಚು ಕಿರುಗುಟ್ಟಿತು. ಎದುರಿಗೆ ಒಂದು ಮುಚ್ಚಿದ ಬಾಗಿಲು. ಒಳಗಿನಿಂದ ಒಬ್ಬೊಬ್ಬರೇ ಬರುತ್ತಿದ್ದರು. ಪ್ರತಿಯೊಬ್ಬರ ಮುಖವನ್ನೂ ಹೊನ್ನೇಶ ಓದಲು ನೋಡುತ್ತಿದ್ದ. ಒಬ್ಬ ನಗುತ್ತ ಬಂದ. ಒಬ್ಬಾಕೆ ಸೆರಗು ಬಾಯಿಗೆ ಹಿಡಿದು ಬಂದಳು.

ನರ್ಸು ಬಾಗಿಲು ತೆರೆದು ಕೂಗಿದಳು. “ಹೊನ್ನೇಶ! ಯಾರ್ರೀ ಹೊನ್ನೇಶ?”

ಅವನ ನಾಲಿಗೆ ಏಳಲಿಲ್ಲ. ಉಸ್ತಾದರು ಪಕ್ಕದಲ್ಲೇ ಇದ್ದರು. ಇವನೇ ಎಂದು ಹೇಳಲಿಲ್ಲ. ಇವನಲ್ಲ ಎಂದೂ ಹೇಳಲಿಲ್ಲ. ಕೈ ಕಟ್ಟಿಕೊಂಡು ಕೂತಿದ್ದರು.

“ಇಲ್ವಾ? ಸರಿ, ಮುಂದಿನವರು ಬನ್ನಿ.”

ಒಬ್ಬ ಮುದುಕಿ ಎದ್ದು ಒಳಗೆ ಹೋದಳು. ಬಾಗಿಲು ಮುಚ್ಚಿತು.

ಬದುಕಿಕೊಂಡೆ ಎನಿಸಿತು ಹೊನ್ನೇಶನಿಗೆ. ಆ ಕ್ಷಣವೇ ಹೇಸಿಗೆಯೂ ಆಯಿತು.

“ಉಸ್ತಾದ್ರೇ.”

“ಹೇಳು.”

“ಬೈಯಿರಿ ಒಂದ್ಸಲ.”

“ಯಾಕೆ? ಅವತ್ತು ಬೈದಿದ್ದೇ ಸಾಕು.”

“ಒಳಗೆ ಹೋದ್ರೆ ಡಾಕ್ಟ್ರಮ್ಮ ಕಿವಿಗೆ ನಳಿಗೆ ಹಾಕ್ಕೊಂಡು ಕೇಳ್ತಾರೆ. ಕೇಳಿ ಮುಖ ಸಣ್ಣದು ಮಾಡ್ತಾರೆ. ಆ ಮುಖ ನೋಡೋಕೆ ನನ್ ಕೈಲಿ ಆಗಲ್ಲ.”

“ಮುಖ ಸಣ್ಣದು ಮಾಡ್ದೆನೂ ಇರ್ಬೋದು.”

“ಮಾಡಿದ್ರೆ?”

“ಮಾಡಿದ್ರೆ ಔಷ್ದಿ ಬರೀತಾರೆ. ನಾನು ದೇವ್ರಲ್ಲ ಕಣಪ್ಪ, ಸುಳ್ಳು ಧೈರ್ಯ ಯಾಕ್ ಹೇಳ್ಲಿ? ನಂಗೂ ಗೊತ್ತಿಲ್ಲ.”

ಹೊನ್ನೇಶ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. ಆ ಕೈಗಳು ಈಗ ದಪ್ಪಗಾಗಿದ್ದವು. ಭುಜ ಅಗಲವಾಗಿತ್ತು. ಎದುರಿಗೆ ಕೂತಿದ್ದ ಒಬ್ಬ ಕೆಮ್ಮಿನವನು, ಇಂಥ ಆಳಿಗೆ ಏನು ಕಾಯಿಲೆ ಎಂಬಂತೆ ನೋಡುತ್ತಿದ್ದ.

ಬಾಗಿಲು ಮತ್ತೆ ತೆರೆಯಿತು. ಮುದುಕಿ ಹೊರಗೆ ಬಂದಳು. ನರ್ಸು ಇಣುಕಿದಳು.

“ಹೊನ್ನೇಶ ಬಂದ್ರಾ? ಇಲ್ಲಾ ಅಂದ್ರೆ ನಾಳೆ ಬರ್ಬೇಕಾಗುತ್ತೆ.”

“ಬಂದೆ,” ಎಂದ ಹೊನ್ನೇಶ.

ಎದ್ದು ನಿಂತ. ಬಾಗಿಲವರೆಗೆ ನಡೆದ. ಚೌಕಟ್ಟಿಗೆ ಕೈಯಿಟ್ಟವನು ತಿರುಗಿ ನೋಡಿದ.

“ಉಸ್ತಾದ್ರೇ, ಅದು ನಿಂತೋಯ್ತದೆ ಅಂತ ಭಯ. ಬಡೀತಿದ್ರೂ ಭಯ. ನನ್ ಮೈಯೊಳಗೇ ಕೂತ್ಕೊಂಡು ನಂಗೆ ಶತ್ರು ಆಗ್ಬುಟ್ಟದೆ ಅದು. ಏನ್ ಮಾಡ್ಲಿ?”

ಉಸ್ತಾದರು ಬೆಂಚಿನಿಂದ ಏಳಲಿಲ್ಲ.

“ನೀನು ಹೊಡೆದ ಒಂದೊಂದು ದಂಡಾನೂ ನಿನ್ ಜೊತೇಲಿ ಅದೂ ಹೊಡೆದದೆ ಮಗ. ನೀನು ಸಾಕಾಗಿ ಕೂತಾಗ್ಲೂ ಅದು ಕೂರ್ಲಿಲ್ಲ. ಹೋಗು, ಸುಸ್ತಾಯ್ತಾ ಅಂತ ಒಂದ್ ಮಾತು ಕೇಳ್ಕೊಂಡು ಬಾ.”